ಕಾಲಾಳಿಗೊಂದು ಹೆಸರು

ಹಳೆಯ ವಿಡಿಯೊ ಆಟದ ಯಂತ್ರಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರಸಿ, ಮತ್ತೆ ಟೆಲಿವಿಷನ್ನಿಗೆ ಜೋಡಿಸಿಕೊಳ್ಳುವ ಹವ್ಯಾಸವುಳ್ಳವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಇದು ಬೆಂಗಳೂರಿನವರ ಶೋಕಿ ಮಾತ್ರವೆಂದು ತಿಳಿಯಬೇಕಾದ ಕಾರಣವಿಲ್ಲ. 1990ರ ದಶಕದಲ್ಲಿ ಅಗ್ಗದ ನಕಲು ಯಂತ್ರಗಳು ಕಲಬುರಗಿಯ ಪೇಟೆಯಿಂದಲೋ ಸೊಲ್ಲಾಪುರದಿಂದಲೋ ಹೊರಟು ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳ ಮನೆಗಳನ್ನೂ ಹೊಕ್ಕಿದ್ದವು. ಅವುಗಳೊಡನೆ ಬರುತ್ತಿದ್ದ ಹಳದಿ ಡಬ್ಬಿಗೆ ಎಲ್ಲರೂ ಕ್ಯಾಸೆಟ್ಟು ಎಂದೇ ಹೇಳುತ್ತಿದ್ದರು. ಮೇಲೆ 9999 ಆಟ ಎಂಬ ಮುದ್ರೆ. ಒಳಗೆ ಮಾತ್ರ ಅದೇ ಮಾರಿಯೊ, ಅದೇ ಕಾಂಟ್ರಾ, ವೇಷ ಬದಲಿಸಿ ಮತ್ತೆ ಮತ್ತೆ ಹಾಜರು.

ಆ ಯಂತ್ರಗಳು ಯಾವುದರ ನಕಲೋ ಆ ಮೂಲ ಯಂತ್ರ, ಎಂದರೆ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್, ತನ್ನ ನಾಡಿನಲ್ಲಿ ಇನ್ನೊಂದು ಬಗೆಯ ಆಟಕ್ಕೂ ತೊಟ್ಟಿಲಾಗಿತ್ತು. ಓಡುವ, ಹಾರುವ, ಗುಂಡು ಹಾರಿಸುವ ಆಟವಲ್ಲ. ಕುಳಿತು ಯೋಚಿಸುವ ಆಟ. ಚದುರಂಗದಂತೆ ಮನೆಮನೆಯಾಗಿ ಗೆರೆ ಎಳೆದ ನೆಲ, ಒಮ್ಮೆ ನಮ್ಮ ಸರದಿ, ಒಮ್ಮೆ ವೈರಿಯದು. ಇದರಲ್ಲಿ ನಮಗೆ ಅಪರಿಚಿತವಾದದ್ದು ಏನೂ ಇಲ್ಲ. ಆಳಂದಕ್ಕೆ ನೆರೆಯದಾದ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೆಂದೇ ಜಾಗ ಕೊಟ್ಟಿದ್ದಾನೆ. ಆದರೆ ಚದುರಂಗದ ಕಾಲಾಳಿಗೆ ಹೆಸರಿಲ್ಲ. ಜಪಾನೀಯರು ಮಾಡಿದ ಕೆಲಸ ಇಷ್ಟೇ: ಕಾಲಾಳಿಗೊಂದು ಹೆಸರಿಟ್ಟರು. ಈ ಒಂದು ಕೆಲಸದಿಂದ ಆಟವು ಸಾಹಿತ್ಯದ ಅಂಗಳಕ್ಕೆ ಕಾಲಿಟ್ಟಿತೆಂಬುದು ನನ್ನ ಅಭಿಪ್ರಾಯ.

1990ರಲ್ಲಿ ಬಂದ ‘ಫೈರ್ ಎಂಬ್ಲಮ್’ ಇದಕ್ಕೆ ಮೊದಲ ನಿದರ್ಶನ. ಶೋಜೊ ಕಾಗಾ ಎಂಬಾತ ಅದರ ಕರ್ತೃ. ರಾಜ್ಯಭ್ರಷ್ಟನಾದ ರಾಜಕುಮಾರ ಮಾರ್ತ್, ಅವನ ಬೆನ್ನಿಗೆ ಒಬ್ಬ ವೃದ್ಧ ಸರದಾರ, ನಾಲ್ಕಾರು ರಾವುತರು, ಬಿಲ್ಲಾಳುಗಳು. ಪ್ರತಿಯೊಬ್ಬನಿಗೂ ಮುಖ, ಮಾತು, ಸ್ವಭಾವಗಳುಂಟು. ಯುದ್ಧದಲ್ಲಿ ಬಿದ್ದವನು ಮುಂದಿನ ಅಧ್ಯಾಯದಲ್ಲಿ ಎದ್ದುಬರುವುದಿಲ್ಲ, ಸತ್ತವನು ಸತ್ತ. ನೆಲಕ್ಕೂ ಇಲ್ಲಿ ಬೆಲೆಯಿದೆ: ಕಾಡಿನಲ್ಲಿ ನಿಂತವನಿಗೆ ಪೆಟ್ಟು ತಾಗುವುದು ಕಡಿಮೆ, ಕುದುರೆಗೆ ಅಲ್ಲಿ ವೇಗವಿಲ್ಲ, ಹೊಳೆ ಅಡ್ಡ ಬಂದರೆ ಸೇತುವೆಯನ್ನು ಹಿಡಿದವನೇ ದೊರೆ. ಕಲಬುರಗಿಯಿಂದ ಜೇವರ್ಗಿಗೆ ಭೀಮೆಯನ್ನು ದಾಟಿಯೇ ಹೋಗಬೇಕಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಿರೋಜ್ ಷಾ ಬಹಮನಿ 1400ರ ಸುಮಾರಿಗೆ ಅದೇ ನದಿಯ ದಂಡೆಯಲ್ಲಿ ಫಿರೋಜಾಬಾದನ್ನು ಕಟ್ಟಿಸಿದ್ದು ಬರಿಯ ಗಾಳಿಯ ಸುಖಕ್ಕಾಗಿ ಇರಲಾರದು.

ನಮ್ಮ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಬದಿಗೋ ಬೇಲಿಯ ಸಂದಿಗೋ ನಿಂತ ವೀರಗಲ್ಲುಗಳನ್ನು ನೋಡಿದವರಿಗೆ ಈ ಆಟದ ಮರ್ಮ ಬೇಗ ತಿಳಿದೀತು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಅರಸರ ಶಾಸನ ಅರಸನನ್ನು ಹೊಗಳುತ್ತದೆ. ವೀರಗಲ್ಲು ತುರುಗಳನ್ನು ಬಿಡಿಸಲು ಹೋಗಿ ಮಡಿದ ಒಬ್ಬ ಸಾಮಾನ್ಯನನ್ನು ನೆನೆಯುತ್ತದೆ. 2003ರಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಬಂದ ‘ಫೈರ್ ಎಂಬ್ಲಮ್’, ಇಂಗ್ಲಿಷಿನಲ್ಲಿ ದೊರೆತ ಮೊದಲನೆಯದು, ಮುಗಿಯುವಾಗ ಒಬ್ಬೊಬ್ಬನ ಹೆಸರನ್ನೂ ತೆಗೆದು ಅವನ ಗತಿ ಏನಾಯಿತೆಂದು ಲೆಕ್ಕ ಒಪ್ಪಿಸುತ್ತದೆ. ಅದೂ ಒಂದು ವೀರಗಲ್ಲೇ. ಆ ಸಾವಿನ ಲೆಕ್ಕ ಆಡಿದವನ ಕೈಯದು ಎಂಬುದಷ್ಟೇ ವ್ಯತ್ಯಾಸ. ಒಬ್ಬ ಸತ್ತೊಡನೆ ರೀಸೆಟ್ ಗುಂಡಿ ಒತ್ತಿ, ಕರೆಂಟು ಹೋಯಿತೆಂಬಂತೆ ನಟಿಸಿ, ಅಧ್ಯಾಯವನ್ನು ಮೊದಲಿಂದ ಆಡುವ ಜಾಣರಿದ್ದಾರೆ. ಆಡಲಿ, ಅವರಿಗೆ ಗೆಲುವು ಸಿಕ್ಕೀತು, ಕಥೆ ಸಿಗಲಾರದು.

ಇದಕ್ಕೆ ಹೋಲಿಸಿದರೆ 1992ರಲ್ಲಿ ಸೇಗಾ ಯಂತ್ರಕ್ಕೆ ಬಂದ ‘ಶೈನಿಂಗ್ ಫೋರ್ಸ್’ ಬಲು ಉದಾರಿ. ಬಿದ್ದವನನ್ನು ದೇಗುಲಕ್ಕೆ ಒಯ್ದು ಹಣ ಕೊಟ್ಟರೆ ಎಬ್ಬಿಸಿಕೊಡುತ್ತಾರೆ. ಮಕ್ಕಳ ಕೈಗೆ ಮೊದಲು ಕೊಡಲು ತಕ್ಕದ್ದು. ಅದಕ್ಕಿಂತ ಹೆಚ್ಚು ಹೇಳಲಾರೆ.

ಈ ಬಗೆಯ ಆಟಗಳಲ್ಲಿ ನಿಜವಾದ ಪ್ರತಿಭೆಯೆಂದು ನಾನು ಎಣಿಸುವುದು ಯಾಸುಮಿ ಮಾತ್ಸುನೊ ಅವರನ್ನು. ಅವರ ‘ಟ್ಯಾಕ್ಟಿಕ್ಸ್ ಓಗರ್’ 1995ರಲ್ಲಿ ಸೂಪರ್ ಫ್ಯಾಮಿಕಾಮ್‌ಗೆ ಬಂದಿತು. ಒಂದು ದ್ವೀಪ, ಅದರಲ್ಲಿ ಒಬ್ಬರನ್ನೊಬ್ಬರು ನಂಬದ ಮೂರು ಜನಾಂಗಗಳು. ಮೊದಲ ಅಧ್ಯಾಯದ ಕೊನೆಯಲ್ಲಿ ತರುಣ ನಾಯಕನಿಗೆ ಅವನ ಪಕ್ಷದವರೇ ಒಂದು ಆಜ್ಞೆ ತರುತ್ತಾರೆ: ಬಾಲ್ಮಮೂಸಾ ಎಂಬ ಊರಿನ ನಮ್ಮವರನ್ನೇ ಕೊಲ್ಲು, ಪಾಪವನ್ನು ವೈರಿಗಳ ತಲೆಗೆ ಕಟ್ಟೋಣ, ಆಗ ನಮ್ಮ ಜನ ರೊಚ್ಚಿಗೇಳುತ್ತಾರೆ. ಒಪ್ಪುವುದೂ ಒಪ್ಪದಿರುವುದೂ ಆಡುವವನ ಕೈಯಲ್ಲಿದೆ. ಒಪ್ಪಿದರೆ ಕೊಲೆಗಡುಕ, ಒಪ್ಪದಿದ್ದರೆ ಅದೇ ಕೊಲೆಯ ಅಪವಾದ ಅವನ ಮೇಲೆ ಬೀಳುತ್ತದೆ. ಅಲ್ಲಿಂದ ಕಥೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ಸರಿಯಾದ ಉತ್ತರಕ್ಕೆ ಬಹುಮಾನ ಕೊಡುವುದು ಆಟಗಳ ರೂಢಿ. ಇಲ್ಲಿ ಸರಿಯಾದ ಉತ್ತರಕ್ಕೆ ದಂಡ ಬೀಳುತ್ತದೆ. 1948ರ ಹಿಂದು ಮುಂದಿನ ದಿನಗಳ ಮಾತನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ನಮ್ಮ ಸೀಮೆಯವರು ಈ ಪುಟವನ್ನು ಹಗುರವಾಗಿ ದಾಟಲಾರರು.

ಅದೇ ಮಾತ್ಸುನೊ 1997ರಲ್ಲಿ ಪ್ಲೇಸ್ಟೇಷನ್ನಿಗಾಗಿ ನಿರ್ದೇಶಿಸಿದ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಕಥೆಯಾಗಿ ಇನ್ನೂ ಬಿಗಿಯಾದದ್ದು. ಇಬ್ಬರು ಗೆಳೆಯರು: ಸಿರಿವಂತ ಮನೆತನದ ರಾಮ್ಜಾ, ಬಡವರ ಮಗ ಡೆಲಿಟಾ. ಡೆಲಿಟಾನ ತಂಗಿಯನ್ನು ವೈರಿ ಒತ್ತೆಯಾಗಿ ಹಿಡಿದಾಗ, ದೊಡ್ಡ ಮನೆತನದ ಸೈನ್ಯ ಅವಳನ್ನು ಲೆಕ್ಕಕ್ಕೇ ಹಿಡಿಯದೆ ಬಾಣ ಬಿಡುತ್ತದೆ. ಅಲ್ಲಿಂದ ಡೆಲಿಟಾ ಎಲ್ಲರನ್ನೂ ದಾಳಗಳಂತೆ ನಡೆಸಿ ಪಟ್ಟವೇರುತ್ತಾನೆ. ರಾಮ್ಜಾ ಧರ್ಮದ್ರೋಹಿಯೆಂಬ ಹೆಸರು ಹೊತ್ತು ಚರಿತ್ರೆಯಿಂದಲೇ ಅಳಿದುಹೋಗುತ್ತಾನೆ. ನಿಜವನ್ನು ಬರೆದಿಟ್ಟವನನ್ನು ಧರ್ಮಪೀಠ ಸುಡಿಸುತ್ತದೆ. ಶತಮಾನಗಳ ಮೇಲೆ ಒಬ್ಬ ಇತಿಹಾಸಕಾರ ಆ ಬರಹವನ್ನು ಹೊರತೆಗೆದು ನಮಗೆ ಓದಿ ಹೇಳುತ್ತಿದ್ದಾನೆಂಬುದು ಇಡೀ ಆಟದ ಚೌಕಟ್ಟು. ಸೋತವನಲ್ಲಿ ಹಿರಿಮೆ ಕಾಣುವುದನ್ನು ರನ್ನನ ‘ಗದಾಯುದ್ಧ’ದಿಂದ ಕಲಿತ ಕನ್ನಡಿಗರಿಗೆ ಇಂಥ ಕಥೆ ಹೊರಗಿನದೆನಿಸುವುದಿಲ್ಲ.

ದೋಷಗಳೂ ಇವೆ. ಕಥೆ ಅರ್ಧ ದಾಟಿದ ಮೇಲೆ ಬಂದು ಸೇರುವ ಒಬ್ಬ ವೃದ್ಧ ಸೇನಾನಿ ಎಷ್ಟು ಬಲಶಾಲಿಯೆಂದರೆ, ಅವನೊಬ್ಬನನ್ನು ಮುಂದೆ ಬಿಟ್ಟು ಉಳಿದವರು ಎಲೆ ಅಡಿಕೆ ಹಾಕಿಕೊಂಡು ಕೂರಬಹುದು. ಅಲ್ಲಿಂದ ವ್ಯೂಹಕ್ಕೆ ಅರ್ಥ ಉಳಿಯದು. ಹಳೆಯ ಇಂಗ್ಲಿಷ್ ಅನುವಾದವಂತೂ ಗೊಂದಲದ ಗೂಡು. 2007ರ ಪರಿಷ್ಕೃತ ಅನುವಾದ ಮಾತಿಗೆ ಗಾಂಭೀರ್ಯ ತಂದುಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಹೊಸ ಯಂತ್ರಗಳಿಗೂ ಇದರ ನವೀಕೃತ ರೂಪ ಬಂದಿದೆ. ಆದರೂ ಹಿತೋಶಿ ಸಾಕಿಮೊತೊ ಮತ್ತು ಮಸಹಾರು ಇವಾತಾ ಅವರ ಸಂಗೀತವನ್ನು ಹಳೆಯ ಟೆಲಿವಿಷನ್ನಿನ ಎದುರು ಕುಳಿತು ಕೇಳುವ ಸುಖ ಬೇರೆ.

ಕನ್ನಡದಲ್ಲಿ ಇವು ಯಾವುವೂ ಇಲ್ಲವೆಂಬುದು ದೊಡ್ಡ ಕೊರತೆ. ಕೈಯೊಂದರಿಂದಲೇ ಆಡುವ ಆಟಗಳಾಗಿದ್ದರೆ ಭಾಷೆಯ ಹಂಗಿರುತ್ತಿರಲಿಲ್ಲ. ಇವನ್ನು ಓದಿಯೇ ಆಡಬೇಕು. ಆದುದರಿಂದ ಆಳಂದದಲ್ಲೋ ಅಫಜಲಪುರದಲ್ಲೋ ಶಾಲೆಯ ಹುಡುಗನೊಬ್ಬ ಆಡಲು ಕುಳಿತರೆ, ಇಂಗ್ಲಿಷ್ ಬಲ್ಲ ಅಕ್ಕನೋ ಕಾಕಾನೋ ಪಕ್ಕದಲ್ಲಿ ಕುಳಿತು ಸಾಲುಸಾಲಾಗಿ ಅರ್ಥ ಹೇಳುವುದು ಒಳ್ಳೆಯದು. ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನಿರುವಂತೆ.

ಹೊಸಬರು 2003ರ ‘ಫೈರ್ ಎಂಬ್ಲಮ್’ನಿಂದ ಮೊದಲುಮಾಡಲಿ, ಅದರ ಆರಂಭದ ಅಧ್ಯಾಯಗಳು ಕೈಹಿಡಿದು ಕಲಿಸುತ್ತವೆ. ಆಮೇಲೆ ರಾಮ್ಜಾನ ಕಥೆ, ಎದೆ ಗಟ್ಟಿಯಾದ ಮೇಲೆ ಬಾಲ್ಮಮೂಸಾ. ಹಳೆಯ ಕ್ಯಾಸೆಟ್ಟನ್ನೇ ಕೊಳ್ಳುವವರಿಗೆ ಒಂದು ಮಾತು: ಆಟವನ್ನು ಎಲ್ಲಿಗೆ ನಿಲ್ಲಿಸಿದೆವೆಂಬ ನೆನಪನ್ನು ಇಂಥ ಅನೇಕ ಕ್ಯಾಸೆಟ್ಟುಗಳ ಒಳಗೆ ಗುಂಡಿಯಷ್ಟು ಚಿಕ್ಕ ಬ್ಯಾಟರಿಯೊಂದು ಕಾಯುತ್ತಿರುತ್ತದೆ. ಮೂವತ್ತು ವರ್ಷದ ಹಿಂದಿನ ಬ್ಯಾಟರಿ ಈಗ ಬರಿದಾಗಿರುವ ಸಂಭವವೇ ಹೆಚ್ಚು. ರೇಡಿಯೊ ರಿಪೇರಿ ಬಲ್ಲವರ ಕೈಯಲ್ಲಿ ಬೆಸುಗೆ ಬಿಡಿಸಿ ಹೊಸದನ್ನು ಹಾಕಿಸಿಕೊಂಡು, ಆಮೇಲೆ ಮೊದಲ ಅಧ್ಯಾಯ ತೆರೆಯಿರಿ.