ಬಾರ್ಬಿಯ ಟ್ರಂಕು

1985ರಲ್ಲಿ ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಆಸ್ಕರ್ ಬಂದಾಗ ಆಕೆಗೆ 77 ವರ್ಷ. ಡೇವಿಡ್ ಲೀನ್ ತೆಗೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮಿಸೆಸ್ ಮೂರ್ ಪಾತ್ರಕ್ಕೆ ಸಂದ ಪ್ರಶಸ್ತಿ ಅದು. ತೆಗೆದುಕೊಳ್ಳಲು ಆಕೆ ಹೋಗಲಿಲ್ಲ, ಆಕೆಯ ಪರವಾಗಿ ಏಂಜೆಲಾ ಲ್ಯಾನ್ಸ್‌ಬರಿ ಸ್ವೀಕರಿಸಿದರು. ಇದನ್ನು ‘ತಡವಾಗಿ ಬಂದ ಮನ್ನಣೆ’ ಎನ್ನುವುದು ವಾಡಿಕೆ. ಮುಪ್ಪಿನಲ್ಲಿ ಅದೃಷ್ಟ ಖುಲಾಯಿಸಿದ ಅಜ್ಜಿ ಎಂಬಂಥ ಈ ಮಾತು ನನಗೆ ಒಪ್ಪಿಗೆಯಿಲ್ಲ. ಆ ಹೊತ್ತಿಗೆ ಆಕೆ ಸುಮಾರು ಅರವತ್ತು ವರ್ಷ ಇಂಗ್ಲಿಷ್ ರಂಗಭೂಮಿಯನ್ನು ಆಳಿದ್ದಳು. ತಡವಾಗಿ ಬಂದದ್ದು ಕ್ಯಾಮೆರಾ, ಅಷ್ಟೆ.

ಲಂಡನ್ನಿನ ಮಗ್ಗುಲಿನ ಕ್ರಾಯ್ಡನ್‌ನಲ್ಲಿ 1907ರಲ್ಲಿ ಹುಟ್ಟಿದವಳು ಪೆಗ್ಗಿ. 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಸಲ ಬಣ್ಣ ಹಚ್ಚಿದಳು. ನಾಲ್ಕೇ ವರ್ಷಕ್ಕೆ, 1930ರಲ್ಲಿ, ಲಂಡನ್ನಿನ ಸವಾಯ್ ರಂಗಮಂದಿರದಲ್ಲಿ ಪಾಲ್ ರಾಬ್ಸನ್‌ನ ಒಥೆಲೋಗೆ ಡೆಸ್ಡಿಮೋನಾ ಆದಳು. ರಾಬ್ಸನ್ ಅಮೆರಿಕದ ಕರಿಯ ಗಾಯಕ, ನಟ. ಬಿಳಿಯ ಹುಡುಗಿಯೊಬ್ಬಳು ಕರಿಯನ ತೋಳಿನಲ್ಲಿ ನಿಂತದ್ದಕ್ಕೆ ಬೈಗುಳದ ಕಾಗದಗಳು ಬಂದವು. ಇಪ್ಪತ್ತೆರಡರ ಹುಡುಗಿ ಹೆದರಿ ಹಿಂದೆ ಸರಿಯಲಿಲ್ಲ. ರಾಬ್ಸನ್ ತನ್ನದೇ ದೇಶದ ಬ್ರಾಡ್‌ವೇಯಲ್ಲಿ ಒಥೆಲೋ ಆಡಲು 1943ರವರೆಗೆ ಕಾಯಬೇಕಾಯಿತು ಎಂಬುದನ್ನು ನೆನೆದರೆ ಈ ಹುಡುಗಿಯ ಗಟ್ಟಿತನ ತಿಳಿದೀತು. 1935ರಲ್ಲಿ ಈಕೆ ಜೂಲಿಯೆಟ್. ಗಿಲ್‌ಗುಡ್ ಮತ್ತು ಒಲಿವಿಯೆ ರೋಮಿಯೋ ಪಾತ್ರವನ್ನು ಅದಲು ಬದಲು ಮಾಡಿಕೊಂಡರು. ಜೂಲಿಯೆಟ್ ಮಾತ್ರ ಇವಳೊಬ್ಬಳೇ.

ಆ ಜೂಲಿಯೆಟ್‌ಳನ್ನು ನಾವು ನೋಡಲಾರೆವು. ನಾಟಕದವರ ಪಾಡೇ ಹೀಗೆ. ಆದರೆ ಅದೇ 1935ರಲ್ಲಿ ಹಿಚ್‌ಕಾಕ್ ತೆಗೆದ ‘ದಿ ಥರ್ಟಿನೈನ್ ಸ್ಟೆಪ್ಸ್’ ಉಳಿದಿದೆ. ಅದರಲ್ಲಿ ಈಕೆ ಸ್ಕಾಟ್ಲೆಂಡಿನ ಒಬ್ಬ ಬಡ ರೈತನ ಹೆಂಡತಿ. ಗಂಡ ವಯಸ್ಸಿನಲ್ಲಿ ಬಹಳ ದೊಡ್ಡವನು, ಬಾಯಲ್ಲಿ ದೇವರು, ಕಣ್ಣಲ್ಲಿ ಸಂಶಯ. ಪೊಲೀಸರಿಂದ ತಪ್ಪಿಸಿಕೊಂಡ ನಾಯಕ ಒಂದು ರಾತ್ರಿ ಅವರ ಮನೆಯಲ್ಲಿ ತಂಗುತ್ತಾನೆ. ಹುಡುಗಿ ಅವನನ್ನು ಪಟ್ಟಣದ ಹೆಂಗಸರ ಬಗ್ಗೆ ಕೇಳುತ್ತಾಳೆ, ಅವರು ಹೇಗಿರುತ್ತಾರೆ, ಏನು ಬಣ್ಣ ಹಚ್ಚಿಕೊಳ್ಳುತ್ತಾರೆ ಎಂದು. ಅವನು ಹೇಳುತ್ತಿರುವಾಗ ಅವಳು ಕೇಳಿಸಿಕೊಳ್ಳುವ ರೀತಿ ನೋಡಬೇಕು! ಪ್ರೇಮವಲ್ಲ ಅದು, ಹಸಿವು. ನಡುರಾತ್ರಿ ಅವನನ್ನು ತಪ್ಪಿಸಿ ಕಳಿಸುವಾಗ ಗಂಡನ ಒಳ್ಳೆಯ ಕೋಟನ್ನೇ ತೆಗೆದುಕೊಡುತ್ತಾಳೆ. ಮುಂದೆ ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನೆ ಹಾಡಿನ ಪುಸ್ತಕ ಗುಂಡನ್ನು ತಡೆದು ನಾಯಕನ ಜೀವ ಉಳಿಸುತ್ತದೆ. ಅವಳಿಗೆ ಸಿಕ್ಕಿದ್ದು ಗಂಡನ ಏಟು. ಕಥೆ ಅವಳನ್ನು ಅಲ್ಲೇ ಬಿಟ್ಟು ಓಡುತ್ತದೆ. ಕೆಲವೇ ನಿಮಿಷದ ಪಾತ್ರ, ಆದರೆ ಚಿತ್ರ ಮುಗಿದ ಮೇಲೆ ನಾನು ಯೋಚಿಸಿದ್ದು ಗೂಢಚಾರರನ್ನಲ್ಲ, ಅವಳನ್ನು.

ಆಮೇಲೆ ಸಿನಿಮಾ ಆಕೆಯನ್ನು ಹೆಚ್ಚು ಕರೆಯಲಿಲ್ಲ, ಆಕೆಯೂ ಅದರ ಬೆನ್ನು ಬೀಳಲಿಲ್ಲ. 1949ರಲ್ಲಿ ಲಂಡನ್ ರಂಗದ ಮೇಲೆ ‘ದಿ ಏರೆಸ್’ ನಾಟಕದ ಕ್ಯಾಥರಿನ್ ಆಗಿದ್ದಳು; ಅದೇ ವರ್ಷ ಚಿತ್ರದಲ್ಲಿ ಆ ಪಾತ್ರ ಮಾಡಿ ಆಸ್ಕರ್ ಪಡೆದವಳು ಒಲಿವಿಯಾ ಡಿ ಹ್ಯಾವಿಲ್ಯಾಂಡ್. 1952ರಲ್ಲಿ ರ‍್ಯಾಟಿಗನ್‌ನ ‘ದಿ ಡೀಪ್ ಬ್ಲೂ ಸೀ’ಯಲ್ಲಿ ಹೆಸ್ಟರ್ ಪಾತ್ರವನ್ನು ಮೊದಲು ಕಟ್ಟಿದವಳು ಇವಳು, ಸಿನಿಮಾದಲ್ಲಿ ಅದು ವಿವಿಯನ್ ಲೀ ಪಾಲಾಯಿತು. ಬೇರೆ ಯಾರಾದರೂ ಆಗಿದ್ದರೆ ಕೊರಗಿ ಸಣ್ಣಗಾಗುತ್ತಿದ್ದರೇನೊ. ಪೀಟರ್ ಹಾಲ್ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಕಟ್ಟಲು ಹೊರಟಾಗ ಈಕೆ ಮೊದಲಿಗರಲ್ಲಿ ಒಬ್ಬಳಾಗಿ ಸೇರಿದಳು. 1963ರ ‘ದಿ ವಾರ್ಸ್ ಆಫ್ ದಿ ರೋಸಸ್’ನಲ್ಲಿ ರಾಣಿ ಮಾರ್ಗರೆಟ್ ಆದಾಗ ಆಕೆಗೆ ಐವತ್ತೈದು. ಎಳೆಯ ಮದುವಣಗಿತ್ತಿಯಾಗಿ ಬಂದು, ಮಗನನ್ನು ಕಳೆದುಕೊಂಡು, ಶಾಪ ಹಾಕುತ್ತ ಅಲೆಯುವ ಮುದುಕಿಯಾಗುವವರೆಗೆ ಒಂದೇ ದೇಹ. 1965ರಲ್ಲಿ ಬಿಬಿಸಿ ಅದನ್ನು ಚಿತ್ರೀಕರಿಸಿ ಪ್ರಸಾರ ಮಾಡಿದ್ದು ನಮ್ಮ ಪುಣ್ಯ.

ಇನ್ನು ಮಿಸೆಸ್ ಮೂರ್. ಚಿತ್ರದ ಬಹುಭಾಗ ಬೆಂಗಳೂರಿನಲ್ಲಿ ತಯಾರಾಯಿತು. ಮರಾಬಾರ್ ಬೆಟ್ಟಗಳೆಂದು ಜಗತ್ತು ನೋಡಿದ್ದು ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳನ್ನು. (‘ಶೋಲೆ’ಯ ಗಬ್ಬರ್ ಕೂತ ಸೀಮೆಯಲ್ಲೇ ಈ ಅಜ್ಜಿಗೂ ಎದೆ ಬಡಿದುಕೊಂಡಿತು!) ಗುಹೆಯ ಕತ್ತಲು, ಜನರ ಒತ್ತು, ಎಲ್ಲ ಮಾತನ್ನೂ ಒಂದೇ ಮಾಡುವ ಆ ಪ್ರತಿಧ್ವನಿ, ಹೊರಗೆ ಬಂದು ಕೂತ ಮಿಸೆಸ್ ಮೂರ್‌ಗೆ ಇನ್ನು ಯಾವುದರಲ್ಲೂ ನಂಬಿಕೆಯಿಲ್ಲ. ಲೀನ್ ಆಕೆಯನ್ನು ಚಂದ್ರನ ಬೆಳಕಿನಲ್ಲಿ ನಿಲ್ಲಿಸಿ ಸಂತಳನ್ನಾಗಿ ಮಾಡಲು ನೋಡುತ್ತಾನೆ. ಆಶ್‌ಕ್ರಾಫ್ಟ್ ಪೂರ್ತಿ ಒಪ್ಪುವುದಿಲ್ಲ. ಮಗನ ಮೇಲೆ, ಸೊಸೆಯಾಗಬೇಕಾದವಳ ಮೇಲೆ ಸಿಡುಕುತ್ತಾಳೆ. ಆ ಸಿಡುಕೇ ಪಾತ್ರವನ್ನು ಕಾಪಾಡಿದ್ದು. ಆದರೂ ಇದು ಆಕೆಯ ದೊಡ್ಡ ಪಾತ್ರವಲ್ಲ.

ದೊಡ್ಡದು ಬಾರ್ಬಿ ಬ್ಯಾಚಲರ್. ಬೊಂಬೆಯ ಹೆಸರಲ್ಲ, ಬಾರ್ಬರಾ ಎಂಬುದರ ಮೊಟಕು. ಪಾಲ್ ಸ್ಕಾಟ್‌ನ ನಾಲ್ಕು ಕಾದಂಬರಿಗಳನ್ನು ಆಧರಿಸಿ 1984ರಲ್ಲಿ ಬಂದ ‘ದಿ ಜ್ಯುಯೆಲ್ ಇನ್ ದಿ ಕ್ರೌನ್’ ಧಾರಾವಾಹಿಯಲ್ಲಿ ಈಕೆ ಮಿಷನ್ ಶಾಲೆಯಿಂದ ನಿವೃತ್ತಳಾದ ಮೇಡಂ. ಮದುವೆಯಿಲ್ಲ, ಮನೆಯಿಲ್ಲ. ಪಾಂಕೋಟ್ ಎಂಬ ಗಿರಿಧಾಮದಲ್ಲಿ ಮೇಬಲ್ ಎಂಬ ವಿಧವೆಯ ಜೊತೆಗಾತಿಯಾಗಿ, ಖರ್ಚಿನ ಪಾಲು ಕೊಟ್ಟುಕೊಂಡು ಇರುತ್ತಾಳೆ. ಸದಾ ಮಾತು. ಕೇಳುವವರಿಗೆ ಬೇಸರವೆಂದು ತಿಳಿದೂ ನಿಲ್ಲಿಸಲಾಗದ ಮಾತು. ತನ್ನ ಜಾಗ ತನ್ನದಲ್ಲ ಎಂದು ಬಲ್ಲವರು ಹೀಗೆಯೇ ಮಾತಾಡುತ್ತಾರೆ, ಮೌನವಾದರೆ ಯಾರಾದರೂ ಎದ್ದು ಹೋಗು ಎಂದಾರು ಎಂಬಂತೆ. ಮೇಬಲ್ ಸತ್ತದ್ದೇ ತಡ, ಆಕೆಯ ಮಲಸೊಸೆ ಮಿಲ್ಡ್ರೆಡ್ ಇವಳನ್ನು ಮನೆ ಬಿಡಿಸುತ್ತಾಳೆ. ಮೇಬಲ್‌ಳನ್ನು ಅವಳು ಬಯಸಿದ ಊರಿನಲ್ಲಿ ಗಂಡನ ಪಕ್ಕ ಮಣ್ಣು ಮಾಡಿ ಎಂದು ಅಂಗಲಾಚಿದರೆ ಸಿಗುವುದು ಅವಮಾನ. ಆಮೇಲೆ ಆ ಟ್ರಂಕು. ಜೀವಮಾನದ ಮಿಷನ್ ಕೆಲಸದ ಕಾಗದಪತ್ರ, ಪುಸ್ತಕ ತುಂಬಿದ ಟ್ರಂಕು. ಅದನ್ನಿಡಲು ಅವಳಿಗೆ ಈ ಭೂಮಿಯ ಮೇಲೆ ಜಾಗವಿಲ್ಲ. ಕೊನೆಗೆ ಅದನ್ನು ಟಾಂಗಾಕ್ಕೆ ಹೇರಿಕೊಂಡು ಇಳಿಜಾರಿನಲ್ಲಿ ಬರುವಾಗ ಭಾರ ತಡೆಯದೆ ಗಾಡಿ ಉರುಳುತ್ತದೆ. ಅಲ್ಲಿಂದ ಮುಂದೆ ಬಾರ್ಬಿ ಮಾತಾಡುವುದಿಲ್ಲ, ಚೀಟಿಯಲ್ಲಿ ಬರೆದು ತೋರಿಸುತ್ತಾಳೆ.

ಮಾತು ನಿಂತ ಮೇಲಿನ ಆ ಮುಖವನ್ನು ನಾನು ಮೂರು ಸಲ ನೋಡಿದ್ದೇನೆ. ಅಳು ಇಲ್ಲ, ದೂರು ಇಲ್ಲ. ಕೇಳಿಸಿಕೊಳ್ಳುತ್ತಿದ್ದಾಳೆ, ಆದರೆ ಅಲ್ಲಿ ಮಾತಾಡುವವರು ಯಾರೂ ಇಲ್ಲ. ಅರ್ಧ ಶತಮಾನದ ಹಿಂದೆ ಪಟ್ಟಣದ ಸುದ್ದಿ ಕೇಳುತ್ತಿದ್ದ ರೈತನ ಹೆಂಡತಿಯ ಅದೇ ಕಣ್ಣುಗಳು.

ಇಂಥ ಧಾರಾವಾಹಿ, ಚಿತ್ರಗಳನ್ನು ಸಲ್ಮಾನ್ ರಶ್ದಿ 1984ರಲ್ಲೇ ಕಟುವಾಗಿ ಟೀಕಿಸಿದ್ದ. ಸಾಮ್ರಾಜ್ಯ ಕಳೆದುಕೊಂಡವರ ಹಳೆಯ ವ್ಯಾಮೋಹ ಇದು ಎಂಬ ಅವನ ತಕರಾರಿನಲ್ಲಿ ಹುರುಳಿದೆ. ಲೀನ್‌ನ ಚಿತ್ರದಲ್ಲಿ ಅಲೆಕ್ ಗಿನೆಸ್ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಪ್ರೊಫೆಸರ್ ಗೋಡಬೋಲೆ ಆದದ್ದಂತೂ ಇಂದು ನೋಡಲು ಮುಜುಗರ. ಆದರೆ ಬಾರ್ಬಿಗೆ ಆ ಸಾಮ್ರಾಜ್ಯದಿಂದ ಸಿಕ್ಕಿದ್ದೇನು? ಅದರ ಮಕ್ಕಳಿಗೆ ಪಾಠ ಹೇಳಿ ಮುದುಕಿಯಾದವಳಿಗೆ ಒಂದು ಕೋಣೆ ಸಿಗಲಿಲ್ಲ. ಆಶ್‌ಕ್ರಾಫ್ಟ್ ಆ ಲೆಕ್ಕವನ್ನು ತೋರಿಸಿದಷ್ಟು ಖಡಾಖಂಡಿತವಾಗಿ ಭಾಷಣಗಳೂ ತೋರಿಸಲಾರವು.

ಆಕೆ ತೀರಿಕೊಂಡದ್ದು 1991ರಲ್ಲಿ. ಧಾರಾವಾಹಿ ಒಟ್ಟು 14 ಕಂತು. ಬಾರ್ಬಿ ಬರುವುದು ನಡುವೆ ಕೆಲವೇ ಕಂತುಗಳಲ್ಲಿ. ಆಸ್ಕರ್ ಬಂದ ಚಿತ್ರವನ್ನು ಆಮೇಲೆ ನೋಡಿದರೂ ಆದೀತು, ಮೊದಲು ಇವನ್ನು ನೋಡಿ.