ಹ್ಯಾಮ್ಲೆಟ್‌ನ ಹುಚ್ಚಿನ ವೇಷ

ಷೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದ ನಾಯಕನ ದೋಷ ಯಾವುದೆಂಬ ಪ್ರಶ್ನೆಗೆ ವಿಳಂಬವೆಂಬ ಉತ್ತರ ಬಹುಕಾಲದಿಂದ ಸಿದ್ಧವಾಗಿದೆ. ತಂದೆಯನ್ನು ಕೊಂದ ಚಿಕ್ಕಪ್ಪ ಕ್ಲಾಡಿಯಸ್‌ನ ಮೇಲೆ ಸೇಡು ತೀರಿಸಿಕೊಳ್ಳಬೇಕಾದ ರಾಜಕುಮಾರ ಅತಿಯಾದ ವಿಚಾರದಲ್ಲಿ ಮುಳುಗಿ ಕೈಕಟ್ಟಿ ಕುಳಿತನೆಂದು ಕೋಲ್‌ರಿಜ್ ವಿವರಿಸಿದರೆ, 1904ರಲ್ಲಿ ಎ.ಸಿ. ಬ್ರಾಡ್ಲಿ ಅದನ್ನೊಪ್ಪದೆ, ತಾಯಿಯ ಅವಸರದ ಮರುಮದುವೆಯಿಂದ ಕವಿದ ವಿಷಣ್ಣತೆಯೇ ಕಾರಣವೆಂದರು. ಆದರೆ ಅರಿಸ್ಟಾಟಲ್ ‘ಹಮಾರ್ತಿಯ’ ಎಂದು ಕರೆದದ್ದನ್ನು, ಅಂದರೆ ದುಷ್ಟನಲ್ಲದ ನಾಯಕನನ್ನು ಪತನಕ್ಕೆ ದೂಡುವ ತಪ್ಪನ್ನು, ಈ ನಾಟಕದಲ್ಲಿ ಹುಡುಕುವವರು ಅವನು ತೊಟ್ಟ ಹುಚ್ಚಿನ ವೇಷವನ್ನೇ ಮೊದಲು ನೋಡಬೇಕು.

ಆ ವೇಷ ಷೇಕ್ಸ್‌ಪಿಯರ್‌ನ ಸ್ವಂತ ಕಲ್ಪನೆಯಲ್ಲ. 1200ರ ಸುಮಾರಿಗೆ ಡೆನ್ಮಾರ್ಕಿನ ಸ್ಯಾಕ್ಸೊ ಗ್ರಮಾಟಿಕಸ್ ಲ್ಯಾಟಿನ್‌ನಲ್ಲಿ ಬರೆದ ಚರಿತ್ರೆಯಲ್ಲಿ ಆಮ್ಲೆತ್ ಎಂಬ ರಾಜಪುತ್ರನ ಕಥೆ ಬರುತ್ತದೆ. ಅಲ್ಲಿ ತಂದೆಯ ಕೊಲೆ ಎಲ್ಲರಿಗೂ ತಿಳಿದದ್ದೇ ಆದ್ದರಿಂದ, ತನ್ನಿಂದ ಅಪಾಯವಿಲ್ಲವೆಂದು ನಂಬಿಸಿ ಜೀವ ಉಳಿಸಿಕೊಳ್ಳಲು ಅವನಿಗೆ ಹುಚ್ಚನ ನಟನೆ ಅನಿವಾರ್ಯ. ಷೇಕ್ಸ್‌ಪಿಯರ್ ಕೊಲೆಯನ್ನು ಗುಟ್ಟಾಗಿಸಿದ. ಕಿವಿಗೆ ವಿಷ ಹೊಯ್ದ ಸಂಗತಿಯನ್ನು ಪ್ರೇತ ಮಗನೊಬ್ಬನಿಗೇ ಹೇಳುವುದರಿಂದ, ಅವನಿಗೆ ವಿಷಯ ಗೊತ್ತೆಂಬ ಸಂಶಯ ಯಾರಿಗೂ ಇರುವುದಿಲ್ಲ. ಹೀಗಿರುವಾಗ ಹುಚ್ಚು ಅವನನ್ನು ಕಾಯುವುದಿಲ್ಲ, ಅರಮನೆಯ ಕಣ್ಣನ್ನೆಲ್ಲ ಅವನತ್ತ ತಿರುಗಿಸುತ್ತದೆ. ಹಳೆಯ ಗೆಳೆಯರು ಬೇಹಿಗೆ ಬರುತ್ತಾರೆ, ಮಂತ್ರಿ ಪೊಲೋನಿಯಸ್ ಪರದೆಯ ಹಿಂದೆ ಅಡಗುತ್ತಾನೆ.

ವೇಷದಿಂದ ಅವನಿಗೆ ದಕ್ಕುವುದು ಮಾತಿನ ಸ್ವಾತಂತ್ರ್ಯ ಮಾತ್ರ. ಎರಡನೆಯ ಅಂಕದಲ್ಲಿ ಪೊಲೋನಿಯಸ್‌ನನ್ನು ಕೆಣಕುವಾಗ ಅವನ ಮಾತು ಗದ್ಯದಲ್ಲಿದ್ದು, ಅದೇ ದೃಶ್ಯದ ಕೊನೆಗೆ ಒಬ್ಬನೇ ಉಳಿದೊಡನೆ ಅಂತ್ಯಪ್ರಾಸವಿಲ್ಲದ, ಕನ್ನಡದ ಸರಳರಗಳೆಯನ್ನು ನೆನಪಿಸುವ ಛಂದಸ್ಸಿಗೆ ಮರಳುತ್ತದೆ. (ನಟರೊಡನೆ, ಗೋರಿ ತೋಡುವವನೊಡನೆಯೂ ಅವನು ಗದ್ಯದಲ್ಲೇ ಮಾತಾಡುವುದರಿಂದ, ಗದ್ಯವೆಲ್ಲ ಹುಚ್ಚಿನ ಗುರುತೆನ್ನಲಾಗದು.) ಆಡಿದ ಮಾತಿನಲ್ಲೇ ಕೋಪ ಖರ್ಚಾಗಿ ಕೈಯ ಕೆಲಸ ಹಿಂದೆ ಬೀಳುತ್ತದೆ, ತಾನು ಬರಿದೇ ಶಪಿಸುತ್ತ ನಿಂತಿದ್ದೇನೆಂದು ಆ ಸ್ವಗತದಲ್ಲಿ ಅವನೇ ತನ್ನನ್ನು ಹಳಿದುಕೊಳ್ಳುತ್ತಾನೆ.

ಆದರೂ ವಿಳಂಬವೊಂದೇ ಅವನ ದೋಷವಲ್ಲ. ಮೂರನೆಯ ಅಂಕದಲ್ಲಿ, ಪ್ರಾರ್ಥನೆಯಲ್ಲಿರುವಾಗ ಕೊಂದರೆ ಚಿಕ್ಕಪ್ಪ ಸ್ವರ್ಗಕ್ಕೆ ಹೋದಾನೆಂದು ಎತ್ತಿದ ಕತ್ತಿಯನ್ನು ಇಳಿಸಿದವನೇ, ಸ್ವಲ್ಪ ಹೊತ್ತಿನಲ್ಲಿ ತಾಯಿಯ ಕೋಣೆಯ ಪರದೆಯ ಹಿಂದೆ ದನಿ ಕೇಳಿದ್ದೇ ತಡ, ಯಾರೆಂದು ನೋಡದೆ ತಿವಿದು ಪೊಲೋನಿಯಸ್‌ನನ್ನು ಕೊಲ್ಲುತ್ತಾನೆ. ಆ ಹೆಣದ ಪಕ್ಕದಲ್ಲೇ, ತನ್ನದು ನಿಜವಾದ ಹುಚ್ಚಲ್ಲ, ಬೇಕೆಂದೇ ಹೂಡಿದ ಉಪಾಯ ಎಂದು ತಾಯಿಗೆ ತಿಳಿಸುತ್ತಾನೆ. ಸತ್ತವನ ಮಗಳು ಒಫೀಲಿಯಾಳ ಹುಚ್ಚು ಮಾತ್ರ ನಟನೆಯಲ್ಲ. ತಂದೆಯ ಸಾವಿನಿಂದ ಬುದ್ಧಿ ಕಳೆದುಕೊಂಡ ಅವಳು ನೀರುಪಾಲಾಗುತ್ತಾಳೆ. ಕೊನೆಯ ಅಂಕದಲ್ಲಿ, ಕತ್ತಿವರಸೆಗೆ ಮುನ್ನ, ಅವಳ ಅಣ್ಣ ಲೇಯರ್ಟೀಸ್‌ನ ಕ್ಷಮೆ ಕೇಳುವ ಹ್ಯಾಮ್ಲೆಟ್, ಅಪರಾಧ ತನ್ನದಲ್ಲ, ತನ್ನ ಹುಚ್ಚಿನದು ಎನ್ನುತ್ತಾನೆ. ತಾಯಿಗೆ ಹೇಳಿದ್ದನ್ನು ಕೇಳಿರುವ ಪ್ರೇಕ್ಷಕ ಇದನ್ನು ಹೇಗೆ ನಂಬಬೇಕು? ಸುಳ್ಳಿನ ಆಸರೆ ಪಡೆಯುವುದು ಒಳ್ಳೆಯವನಿಗೂ ವೀರನಿಗೂ ತಕ್ಕದ್ದಲ್ಲವೆಂದು ಸ್ಯಾಮ್ಯುಯೆಲ್ ಜಾನ್ಸನ್ 1765ರ ತಮ್ಮ ಆವೃತ್ತಿಯಲ್ಲಿ ಈ ಮಾತನ್ನು ಆಕ್ಷೇಪಿಸಿದ್ದರು. ಆ ಆಕ್ಷೇಪ ನ್ಯಾಯವಾದದ್ದು. ಅವನ ವಿಳಂಬಕ್ಕೆ ನಾಟಕದಲ್ಲಿ ಹತ್ತಾರು ಸಮಜಾಯಿಷಿಗಳು ಸಿಗುತ್ತವೆ, ಈ ಸುಳ್ಳಿಗೆ ಒಂದೂ ಸಿಗುವುದಿಲ್ಲ.