ಪಲ್ಲಾವರದ ಕಲ್ಲು: ಮದರಾಸಿನ ಒಂದು ದೀಕ್ಷಾಸ್ನಾನದ ತೊಟ್ಟಿಯ ಓದು

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನಲ್ಲಿ ಪಲ್ಲಾವರದ ಕಪ್ಪು ಕಲ್ಲಿನಿಂದ ಕಡೆದ ಒಂದು ದೀಕ್ಷಾಸ್ನಾನದ ತೊಟ್ಟಿ ಇದೆ. ಅದನ್ನು ಕುರಿತು ಬರೆದವರು ಬಹುಮಟ್ಟಿಗೆ ಒಂದೇ ಮಾತನ್ನು ಹೇಳಿ ಮುಂದೆ ಸಾಗುತ್ತಾರೆ: ಜಾಬ್ ಚಾರ್ನಾಕನ ಮೂವರು ಹೆಣ್ಣುಮಕ್ಕಳಿಗೆ 1689ರಲ್ಲಿ ಇಲ್ಲಿ ದೀಕ್ಷಾಸ್ನಾನವಾಯಿತು ಎಂಬುದೇ ಆ ಮಾತು. ಅಲ್ಲಿಂದ ಅವರ ಗಮನ 1753ರಲ್ಲಿ ಇದೇ ಚರ್ಚಿನಲ್ಲಿ ನಡೆದ ರಾಬರ್ಟ್ ಕ್ಲೈವನ ಮದುವೆಯತ್ತ, ಎಲಿಹು ಯೇಲನತ್ತ ಹರಿಯುತ್ತದೆ. ತೊಟ್ಟಿ ಮಾತ್ರ ಅಲ್ಲೇ ಉಳಿಯುತ್ತದೆ. ಅದರ ಕೀರ್ತಿ ಕಲ್ಲಿನಿಂದ ಬಂದುದಲ್ಲ, ದಾಖಲೆಪುಸ್ತಕದಿಂದ ಬಂದುದು. ಈ ಬಗೆಯ ಓದು ಸಾಲದೆಂಬುದು ನಮ್ಮ ತಕರಾರು.

ಹೊರನಾಡಿನಲ್ಲಿದ್ದು ಕನ್ನಡ ಸಂಶೋಧನೆ ನಡೆಸುವ ನಮಗೆ ಈ ತೊಟ್ಟಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ನಮ್ಮದು ಶಾಸನಗಳನ್ನು ನೆಚ್ಚಿಕೊಂಡು ಬೆಳೆದ ಶಿಸ್ತು. 1886ರಲ್ಲಿ ಆರಂಭವಾದ ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ನಮಗೆ ಕಲ್ಲನ್ನು ಓದಲು ಕಲಿಸಿತು. ಅದರೊಂದಿಗೆ, ಅಕ್ಷರವಿಲ್ಲದ ಕಲ್ಲಿನ ಮುಂದೆ ನಿಲ್ಲದೆ ನಡೆದುಬಿಡುವ ಅಭ್ಯಾಸವನ್ನೂ ನಾವೇ ಮಾಡಿಕೊಂಡೆವು. ಬರಹವಿಲ್ಲದ ವೀರಗಲ್ಲುಗಳು ನಮ್ಮ ಪಟ್ಟಿಗಳಲ್ಲಿ ಪಡೆಯುವ ಅರ್ಧ ಸಾಲನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು. ಮದರಾಸಿನ ಇಂಗ್ಲಿಷ್ ವಿದ್ವಾಂಸರ ನಡೆಯೂ ಬೇರೆಯಾಗಿರಲಿಲ್ಲ. ಜೂಲಿಯನ್ ಜೇಮ್ಸ್ ಕಾಟನ್ 1905ರಲ್ಲಿ ಪ್ರಕಟಿಸಿದ ಗೋರಿಬರಹಗಳ ಬೃಹತ್ ಸಂಕಲನ ಅದೇ ಮನೋಧರ್ಮದ ಫಲ.

ಅಕ್ಷರವಿದ್ದರೆ ಕಲ್ಲು ತಾನಾಗಿ ಮಾತನಾಡುತ್ತದೆಯೇ? ಇದೇ ಊರಿನ ಪರಂಗಿಮಲೆಯ ಶಿಲುಬೆಗಲ್ಲನ್ನು ನೋಡಬೇಕು. ವಿಜಯನಗರದ ಆಳ್ವಿಕೆಯ ಕಾಲದಲ್ಲಿ, 1547ರಲ್ಲಿ, ಬೆಟ್ಟದ ಮೇಲೆ ಚರ್ಚು ಕಟ್ಟಲು ನೆಲ ಅಗೆದಾಗ ಅದು ದೊರೆಯಿತು. ಅದರ ಅಂಚಿನ ಬರಹವನ್ನು ಓದಲು ಪೋರ್ಚುಗೀಸರು ಒಬ್ಬ ಬ್ರಾಹ್ಮಣ ವಿದ್ವಾಂಸನನ್ನು ಕರೆಸಿದರು. ಆತ ಬೆರಳೆಣಿಕೆಯ ಪದಗಳಿಂದ ಸಂತ ತೋಮಸನ ಕಥೆಯನ್ನು ಸುದೀರ್ಘವಾಗಿ ಬಿಡಿಸಿಟ್ಟನಂತೆ. ಕೇಳುವವರಿಗೆ ಬೇಕಾದುದನ್ನು ಓದಿ ಹೇಳುವ ವಿದ್ಯೆ ನಮ್ಮ ಕಾಲದ್ದು ಮಾತ್ರವಲ್ಲ! ಆ ಬರಹ ಪಹ್ಲವಿ ಲಿಪಿಯದೆಂಬುದನ್ನು ಮೂರು ಶತಮಾನಗಳ ಮೇಲೆ ಎ. ಸಿ. ಬರ್ನೆಲ್ ತೋರಿಸಿಕೊಟ್ಟರು. ದಕ್ಷಿಣ ಭಾರತದ ಪಹ್ಲವಿ ಶಾಸನಗಳನ್ನು ಕುರಿತ ಅವರ ಪುಸ್ತಿಕೆ 1873ರಲ್ಲಿ ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಆಮೇಲೆ ಬಂದ ಪಂಡಿತರು ಒಬ್ಬರಿಗಿಂತ ಒಬ್ಬರು ಭಿನ್ನವಾಗಿಯೇ ಓದಿದ್ದಾರೆ. ಅಕ್ಷರವುಳ್ಳ ಕಲ್ಲಿನ ಗತಿಯೇ ಹೀಗಿರುವಾಗ, ತೊಟ್ಟಿಯನ್ನು ಅದರ ಆಕಾರ, ಸ್ಥಾನ, ದ್ರವ್ಯ ಇವುಗಳಿಂದ ಓದಲು ಹಿಂಜರಿಯಬೇಕಾದ ಕಾರಣವಿಲ್ಲ.

ಈ ತೊಟ್ಟಿ ಮಧ್ಯಯುಗದ್ದಲ್ಲ. ಚರ್ಚಿನ ನಿರ್ಮಾಣ ಆರಂಭವಾದದ್ದು 1678ರ ಮಾರ್ಚ್ 25ರಂದು, ಪ್ರತಿಷ್ಠಾಪನೆ ನಡೆದದ್ದು 1680ರ ಅಕ್ಟೋಬರ್ 28ರಂದು. ಆದರೆ ಅದರ ಹಿಂದಿರುವ ವಿಧಿ ಮಧ್ಯಯುಗದ್ದು. ಇಂಗ್ಲೆಂಡಿನ ಹಳ್ಳಿಯ ಚರ್ಚುಗಳಲ್ಲಿ ಗೋಡೆ, ಗೋಪುರಗಳೆಲ್ಲ ಹೊಸದಾದರೂ ತೊಟ್ಟಿ ಮಾತ್ರ ಹನ್ನೆರಡನೆಯ ಶತಮಾನದ್ದಾಗಿ ಉಳಿದಿರುವ ನಿದರ್ಶನಗಳು ಹಲವು. ದೀಕ್ಷಾಸ್ನಾನ ಕೊಡುವ ಹಕ್ಕು ಒಂದು ಚರ್ಚನ್ನು ಊರಿನ ಚರ್ಚನ್ನಾಗಿ ಮಾಡುತ್ತಿತ್ತು, ಆ ಹಕ್ಕಿನ ಕುರುಹು ತೊಟ್ಟಿಯೇ ಆಗಿತ್ತು. ಮಗುವನ್ನು ನೀರಿನಲ್ಲಿ ಮುಳುಗಿಸುತ್ತಿದ್ದುದರಿಂದ ಹಳೆಯ ತೊಟ್ಟಿಗಳ ಬಾಯಿ ಅಗಲ, ಒಡಲು ಆಳ. ಪವಿತ್ರಗೊಳಿಸಿದ ನೀರನ್ನು ಮಾಟಮಂತ್ರಕ್ಕಾಗಿ ಕದಿಯುವವರಿದ್ದುದರಿಂದ ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿಯಬೇಕೆಂದು 1236ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಕಟ್ಟಳೆ ಮಾಡಿದರು. ಹದಿನೇಳನೆಯ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ಪ್ಯೂರಿಟನ್ನರು ತೊಟ್ಟಿಗಳನ್ನು ಮೂಢನಂಬಿಕೆಯ ಉಳಿಕೆಗಳೆಂದು ಬಗೆದರು. ಆಗ ಹೊರಬಿದ್ದ ಹಲವು ತೊಟ್ಟಿಗಳು ದನಗಳಿಗೆ ನೀರುಣಿಸುವ ಕಲ್ಲುಬಾನಿಗಳಾದವು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ ಅವು ಮತ್ತೆ ಒಳಗೆ ಬಂದವು, ಇಲ್ಲವೇ ಹೊಸವು ಸಿದ್ಧವಾದವು.

ಮದರಾಸಿನ ತೊಟ್ಟಿ ಈ ಮರಳಿಕೆಯ ತಲೆಮಾರಿನದು. ಪ್ರತಿ ಚರ್ಚಿನಲ್ಲಿಯೂ ಕಲ್ಲಿನ ತೊಟ್ಟಿಯೇ ಇರಬೇಕು, ಅದು ರೂಢಿಯ ಸ್ಥಳದಲ್ಲಿಯೇ ನಿಲ್ಲಬೇಕು ಎಂಬುದು 1604ರ ಇಂಗ್ಲಿಷ್ ಚರ್ಚಿನ ನಿಯಮ. ಬೆಳ್ಳಿಯ ತಟ್ಟೆಯನ್ನು ಹಡಗಿನಲ್ಲಿ ತರಬಹುದು. ಕಲ್ಲಿಗೆ ಮಾತ್ರ ಕೋಟೆಯ ಇಂಗ್ಲಿಷರು ಪಲ್ಲಾವರದ ಕಡೆ ನೋಡಬೇಕಾಯಿತು. ಅಲ್ಲಿನ ಗುಡ್ಡದಲ್ಲಿ ಏಳನೆಯ ಶತಮಾನದ ಮಹೇಂದ್ರವರ್ಮ ಪಲ್ಲವನ ಬಿರುದುಗಳನ್ನು ಕೆತ್ತಿದ ಗುಹಾಲಯವಿದೆ. ಕಾಲಾಂತರದಲ್ಲಿ ಅದು ದರ್ಗಾ ಆಯಿತು. ಉಳಿಗೆ ಸುಲಭವಾಗಿ ಬಗ್ಗದ ಈ ಕಲ್ಲಿನೊಡನೆ ಸಾವಿರ ವರ್ಷ ಹೆಣಗಿದ ನೆಲವದು. ವಿಧಿ ಇಂಗ್ಲೆಂಡಿನದು, ದ್ರವ್ಯ ತೊಂಡೈಮಂಡಲದ್ದು. ತೊಟ್ಟಿಯನ್ನು ‘ಇಂಗ್ಲಿಷ್ ವಸ್ತು’ ಎಂದು ವರ್ಗೀಕರಿಸುವವರು ಈ ಎರಡನೆಯ ಅರ್ಧವನ್ನು ಕಾಣುವುದೇ ಇಲ್ಲ.

ಚಾರ್ನಾಕನ ಮಕ್ಕಳ ಪ್ರಸಂಗವನ್ನೂ ಆಗ ಬೇರೆಯಾಗಿ ಓದಬೇಕಾಗುತ್ತದೆ. ಅವರ ತಾಯಿ ಭಾರತೀಯಳು. ಆಕೆಯನ್ನು ಚಾರ್ನಾಕ ಸತಿಯ ಚಿತೆಯಿಂದ ಪಾರುಮಾಡಿದನೆಂಬುದು ದಂತಕತೆ. ಬರೆದವರಿಗೆಲ್ಲ ದಂತಕತೆ ರುಚಿಸಿದೆ, ತಂದೆಯ ‘ಕಲ್ಕತ್ತೆಯ ಸ್ಥಾಪಕ’ ಎಂಬ ಬಿರುದೂ ರುಚಿಸಿದೆ. ಆ ಬಿರುದನ್ನು ಕಲ್ಕತ್ತಾ ಉಚ್ಚ ನ್ಯಾಯಾಲಯ 2003ರಲ್ಲಿ ತಳ್ಳಿಹಾಕಿತು. ನಮಗೆ ಮುಖ್ಯವಾದುದು ಇನ್ನೊಂದು ಸಂಗತಿ. 1662ರ ಪ್ರಾರ್ಥನಾ ಪುಸ್ತಕದಲ್ಲಿ ವಯಸ್ಕರ ದೀಕ್ಷಾಸ್ನಾನಕ್ಕಾಗಿ ಹೊಸ ವಿಧಿಯೊಂದು ಸೇರಿತು. ಹೊರನೆಲೆಗಳ ಸ್ಥಳೀಯರನ್ನು ಮತಕ್ಕೆ ಸೇರಿಸಿಕೊಳ್ಳಲು ಅದು ಉಪಯುಕ್ತವಾದೀತೆಂದು ಆ ಪುಸ್ತಕದ ಮುನ್ನುಡಿಯೇ ಹೇಳುತ್ತದೆ. ತೊಟ್ಟಿ ಬರುವ ಮೊದಲೇ ವಿಧಿಯ ಪಠ್ಯ ಈ ನೆಲದ ಜನರನ್ನು ಎಣಿಕೆಗೆ ತೆಗೆದುಕೊಂಡಿತ್ತು. ಕಂಪನಿಯ ಅಧಿಕಾರಿಯ ಮನೆಯಲ್ಲಿ ಭಾರತೀಯ ತಾಯಿಗೆ ಹುಟ್ಟಿದ ಹೆಣ್ಣುಮಕ್ಕಳು ಯಾರ ಕಡೆಯವರು ಎಂಬ ಪ್ರಶ್ನೆಗೆ ಕೋಟೆ ಕೊಟ್ಟ ಉತ್ತರ ಈ ತೊಟ್ಟಿಯ ಬಳಿ ನಡೆದ ಕ್ರಿಯೆ. ಆದುದರಿಂದ 1689ರ ದಾಖಲೆಯನ್ನು ಚಾರ್ನಾಕನ ಜೀವನಚರಿತ್ರೆಯ ಅಡಿಟಿಪ್ಪಣಿಯಾಗಿಸುವುದು ನಮಗೆ ಒಪ್ಪಿಗೆಯಾಗದು.

ಕನ್ನಡದ ಪಾರಿಭಾಷಿಕ ಪದಗಳ ವಿಷಯದಲ್ಲಿ ಇಲ್ಲಿ ಒಂದು ಮಾತು. ಪ್ರೊಟೆಸ್ಟೆಂಟರು ‘ದೀಕ್ಷಾಸ್ನಾನ’ ಎನ್ನುತ್ತಾರೆ, ಕ್ಯಾಥೊಲಿಕರು ‘ಜ್ಞಾನಸ್ನಾನ’ ಎನ್ನುತ್ತಾರೆ. ಕ್ರಿಯೆಗೆ ಎರಡು ತೂಕವುಳ್ಳ ಪದಗಳು ದೊರೆತವು. ಪಾತ್ರೆಗೆ ಮಾತ್ರ ‘ತೊಟ್ಟಿ’ ಎಂಬ ಮನೆಬಳಕೆಯ ಮಾತೇ ಸಾಕಾಯಿತು. ಇದನ್ನು ಅನುವಾದಕರ ಬಡತನವೆಂದು ಕೆಲವರು ಬಗೆಯಬಹುದು. ನಮಗೆ ಹಾಗೆನಿಸುವುದಿಲ್ಲ. ಅರವಟ್ಟಿಗೆಯನ್ನು ಪುಣ್ಯಕಾರ್ಯವೆಂದು ಶಾಸನಗಳಲ್ಲಿ ಬರೆಸಿದ ನಾಡಿನಲ್ಲಿ, ಬಾವಿಕಟ್ಟೆಯ ಪಕ್ಕದ ಕಲ್ಲುಬಾನಿಗೂ ಚರ್ಚಿನ ಬಾಗಿಲ ಬಳಿಯ ತೊಟ್ಟಿಗೂ ಇರುವ ನಂಟನ್ನು ಈ ಸಾಮಾನ್ಯ ಪದ ಉಳಿಸಿಕೊಂಡಿದೆ.

ದ್ರವ್ಯದ ವಿಷಯದಲ್ಲಿ ಇತಿಹಾಸ ಸ್ವಲ್ಪ ವಿನೋದವನ್ನೂ ಆಡಿದೆ. ಕಲ್ಕತ್ತೆಯಲ್ಲಿರುವ ಚಾರ್ನಾಕನ ಗೋರಿಯ ಕಲ್ಲೂ ಮದರಾಸಿನ ಕಡೆಯದೇ. ಭೂವಿಜ್ಞಾನಿ ಟಿ. ಎಚ್. ಹಾಲೆಂಡ್ ಅದನ್ನು ಪರೀಕ್ಷಿಸಿ 1893ರಲ್ಲಿ ಆ ಶಿಲೆಗೆ ‘ಚಾರ್ನಾಕೈಟ್’ ಎಂದು ಹೆಸರಿಟ್ಟರು. ಮಹೇಂದ್ರವರ್ಮನ ಗುಹೆ ಕಡೆದ ಕಲ್ಲಿಗೆ ಕಂಪನಿಯ ನೌಕರನ ಹೆಸರು ಅಂಟಿಕೊಂಡಿತು. ಅದೇ ಜಾತಿಯ ಶಿಲೆ ಬಿಳಿಗಿರಿರಂಗನ ಬೆಟ್ಟಗಳಲ್ಲಿಯೂ ಇದೆ. ಕನಕಪುರದ ಸಮೀಪದ ಕಬ್ಬಾಳದುರ್ಗದಲ್ಲಿ ನೈಸ್ ಶಿಲೆಯು ಚಾರ್ನಾಕೈಟಾಗಿ ಮಾರ್ಪಡುತ್ತಿರುವ ಹಂತವೇ ಬಂಡೆಯಲ್ಲಿ ಕಾಣಸಿಗುತ್ತದೆಂದು ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ತೋರಿಸಿದರು. ಕಬ್ಬಾಳದ ಕಲ್ಲುಕುಟಿಗರು ಆ ಶಿಲೆಯನ್ನು ಕರೆಯುವುದು ಚಾರ್ನಾಕನ ಹೆಸರಿನಿಂದಲ್ಲ. ಅವರಿಗೆ ಅದು ಕರಿಕಲ್ಲು.